ಎರಡು ದಿನ ಡೇರೆಯಲ್ಲಿ, ಸಭೆಯವರ ಜೊತೆ

ಹೋದ ಸಂಚಿಕೆಯಲ್ಲಿ ನಮ್ಮ ಸಭೆಯವರ, ಅಂದರೆ ನಮ್ಮ ಚರ್ಚಿನವರ, ಡೇರೆ ಶಿಬಿರದ ಬಗ್ಗೆ ಬರೆದಿದ್ದೆ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಅಲ್ಲಿಂದ ಸ್ವಲ್ಪ ದೂರದ ಕಾಫಿ ತೋಟವೊಂದರಲ್ಲಿ ಶನಿವಾರ, ಭಾನುವಾರ ಕಳೆದು ಬಂದ ವಿಷಯ ಅದು. ತೋಟ ನಮ್ಮ ಸಭೆಯದ್ದೇ ಒಂದು ಕುಟುಂಬದ್ದು. ಬರೆದದ್ದು ಒಂದೇ ಪುಟ, ಬಂದ ಪತ್ರಗಳು ಮಾತ್ರ ತುಂಬಾ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು, ಸಭೆಯಲ್ಲಿ ಸಂಡೇ ಸ್ಕೂಲು ನೋಡಿಕೊಳ್ಳುವವಳು. ಉಣುಗಿನ ಪ್ರಶ್ನೆಗೂ ಪ್ರಾರ್ಥನೆಯ ಪ್ರಶ್ನೆಗೂ ನಾನೇ ಉತ್ತರ ಬರೆಯುತ್ತಿರುವುದು ಅದಕ್ಕೆ.

ಪ್ರಶ್ನೆ: ನಮ್ಮ ಸಭೆಯ ಮೂವತ್ತೈದು ಜನ ಮಲೆನಾಡಿನ ಕಡೆ ಎರಡು ದಿನ ಡೇರೆ ಹಾಕಬೇಕೆಂದಿದ್ದೇವೆ. ಜನವರಿಯಲ್ಲಿ ಹೋದರೆ ಸರಿಯಾ? ಕಾಡಿನೊಳಗೇ ಜಾಗ ಸಿಗುತ್ತದಾ?
– ಯುವಜನ ಸಂಘದ ಕಾರ್ಯದರ್ಶಿ, ಪುತ್ತೂರು

ಉತ್ತರ: ಜನವರಿ ಬೇಡ. ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೂರನೇ ವಾರದೊಳಗೆ ಒಂದು ಶನಿವಾರ ಹಿಡಿಯಿರಿ.

ಅದಕ್ಕೂ ಮೊದಲು ಹೋದರೆ ಮಳೆ, ಇಂಬಳ. ಇಂಬಳಕ್ಕೆ ಹೆದರಬೇಕಾಗಿಲ್ಲ, ಉಪ್ಪು ಹಾಕಿದರೆ ಬಿಡುತ್ತದೆ, ರೋಗ ತರುವುದಿಲ್ಲ. ಆದರೆ ಮಕ್ಕಳು ಎರಡು ದಿನವೂ ಕಾಲು ನೋಡಿಕೊಳ್ಳುವುದರಲ್ಲೇ ಕಳೆಯುತ್ತಾರೆ. ತಡ ಮಾಡಿದರೆ ಕಾಫಿ ಕೊಯ್ಲು ಶುರುವಾಗುತ್ತದೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಡೇರೆ ಹಾಕಲು ತೋಟದಲ್ಲಿ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಮತಟ್ಟು, ನೀರು ನಿಲ್ಲುವುದಿಲ್ಲ, ಹುಲ್ಲು ಪೊದೆ ಇಲ್ಲ, ಹುಳಹುಪ್ಪಟೆ ಕಣ್ಣಿಗೆ ಬೀಳುತ್ತದೆ. ಕೊಯ್ಲಿನ ಕಾಲದಲ್ಲಿ ಆ ಕಣದ ತುಂಬ ಕಾಫಿ ಹರಡಿರುತ್ತದೆ. ಮನೆಯವರಿಗೂ ಆಳುಗಳಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಮೂವತ್ತೈದು ಜನ ನೆಂಟರಾಗಿ ಹೋಗಿ ಇಳಿಯುವುದು ತಪ್ಪು, ಅಲ್ವಾ?

ಇದಕ್ಕಿಂತ ದೊಡ್ಡ ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಮೊದಲು ಪತ್ತೆಯಾದ ರೋಗ ಇದು. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಇವತ್ತಿಗೂ ಅದಕ್ಕೆ ಕ್ಯಾಸನೂರಿನದ್ದೇ ಹೆಸರು. ಹರಡುವುದು ಕಾಡಿನ ಉಣುಗಿನಿಂದ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ಎಳೆಯ ಉಣುಗುಗಳು ಎಳ್ಳಿನಷ್ಟು ಸಣ್ಣವು, ಬಟ್ಟೆಯ ಮೇಲೆ ಕೂತರೆ ಗೊತ್ತೇ ಆಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅವುಗಳ ಕಾಟ ಜಾಸ್ತಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆ ತಿಂಗಳುಗಳಲ್ಲೇ ಜ್ವರ ಕಾಣಿಸಿಕೊಳ್ಳುವುದು. ಅನಿವಾರ್ಯವಾಗಿ ಆಗಲೇ ಹೋಗಬೇಕಾದರೆ ಹೊರಡುವ ವಾರ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಮಂಗ ಸತ್ತ ಸುದ್ದಿ ಇದ್ದರೆ ಹೋಗಲೇಬೇಡಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ವಿಷಯವನ್ನೂ ಅಲ್ಲೇ ವಿಚಾರಿಸಿ. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್‌ನ ಒಳಗೆ. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಬದಲು. ವಾಪಸು ಬಂದ ಮೇಲೆ ಒಂದು ವಾರ, ಹತ್ತು ದಿನದೊಳಗೆ ಯಾರಿಗಾದರೂ ಏಕಾಏಕಿ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆವು" ಎಂದು ಮೊದಲೇ ಹೇಳಿ. ಆ ಒಂದು ಮಾತಿನಿಂದ ಪರೀಕ್ಷೆಯ ದಿಕ್ಕೇ ಬದಲಾಗುತ್ತದೆ.

ಇನ್ನು ಕಾಡಿನೊಳಗೆ ಜಾಗದ ವಿಷಯ. ಮೀಸಲು ಅರಣ್ಯದಲ್ಲಿ ಮನಸ್ಸಿಗೆ ಬಂದಲ್ಲಿ ಡೇರೆ ಹಾಕಲು ಬಿಡುವುದಿಲ್ಲ, ಬಿಡಬಾರದು ಕೂಡ. ಗುಡ್ಡ ಹತ್ತುವುದಿದ್ದರೂ ಅನೇಕ ದಾರಿಗಳಿಗೆ ಅರಣ್ಯ ಇಲಾಖೆಯ ಬುಕಿಂಗ್ ಬೇಕು. ನಿಮ್ಮ ಸಭೆಯಲ್ಲಿ ಯಾರಿಗಾದರೂ ತೋಟ ಇದೆಯಾ ನೋಡಿ. ಇಲ್ಲದಿದ್ದರೆ ತೋಟದವರ ಹೋಮ್‌ಸ್ಟೇ ಅಂಗಳ ಕೇಳಿ. ಜಾಗ ಗೊತ್ತಾದ ತಕ್ಷಣ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ, ಆನೆಯದ್ದು. ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆ ಕಾಡಾನೆಗಳು ತೋಟದಿಂದ ತೋಟಕ್ಕೆ ಓಡಾಡುತ್ತಿರುತ್ತವೆ. ಆನೆ ಎಲ್ಲಿದೆ ಎಂಬುದು ಅಲ್ಲಿನ ಅರಣ್ಯ ಸಿಬ್ಬಂದಿಗೂ ತೋಟದ ಆಳುಗಳಿಗೂ ಗೊತ್ತಿರುತ್ತದೆ. ಆ ವಾರ ಆನೆ ಆ ಕಡೆ ಇದೆ ಎಂದರೆ ರಾತ್ರಿ ಡೇರೆಯಲ್ಲಿ ಮಲಗುವ ಮಾತೇ ಬೇಡ, ಗೋದಾಮಿನೊಳಗೆ ಚಾಪೆ ಹಾಸಿಕೊಳ್ಳಿ. ಬಾಳೆಗೊನೆ, ಉಪ್ಪು, ಬೆಲ್ಲ ಯಾವುದೂ ಡೇರೆಯ ಹತ್ತಿರ ಇರಬಾರದು. ಎಲ್ಲ ಮನೆಯೊಳಗೆ.

ಪ್ರಶ್ನೆ: ನಮಗೆ ದಾಂಡೇಲಿ ಹತ್ತಿರ. ಕಾಳಿ ನದಿ ದಂಡೆಗೇ ಡೇರೆ ಹಾಕಿ, ಹುಡುಗರು ಈಜಾಡಿಕೊಂಡು ಇರಲಿ ಅಂತ ವಿಚಾರ. ಏನಂತೀರಿ?
– ಸಭೆಯ ಹಿರಿಯರೊಬ್ಬರು, ಹುಬ್ಬಳ್ಳಿ

ಉತ್ತರ: ದಾಂಡೇಲಿ ಒಳ್ಳೆಯದು. ಅಂಬಿಕಾನಗರದ ದಾರಿಯಲ್ಲಿ ಕುಳಗಿ ನಿಸರ್ಗ ಶಿಬಿರವಿದೆ. ಡೇರೆ ಸಿದ್ಧವಾಗಿಯೇ ಇರುತ್ತದೆ, ನೀವು ಹೊತ್ತುಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಮಂಗಟ್ಟೆ ಹಕ್ಕಿ ಹಾರುವಾಗ ರೆಕ್ಕೆಯ ಸದ್ದು ಕೇಳಿದರೆ ಮಕ್ಕಳು ಮರೆಯುವುದಿಲ್ಲ. ಆದರೆ ಅದು ಕಾಳಿ ಹುಲಿ ಮೀಸಲು ಪ್ರದೇಶ. ಅಲ್ಲಿ ಧ್ವನಿವರ್ಧಕ, ಗಿಟಾರು, ರಾತ್ರಿ ಹಾಡು ನಡೆಯುವುದಿಲ್ಲ. ಹಾಡುವ ಗುಂಪಾದರೆ ಊರಿನ ಹತ್ತಿರ ಖಾಸಗಿ ಜಾಗ ನೋಡಿ.

ನದಿಯ ವಿಷಯದಲ್ಲಿ ನನ್ನ ಮಾತು ಗಡುಸಾಗಿದ್ದರೆ ಕ್ಷಮಿಸಿ. ದಂಡೆಗೆ ಡೇರೆ ಬೇಡ. ಈಜು ಬೇಡ. ಕಾಳಿಗೆ ಮೇಲೆ ಸೂಪಾ ಅಣೆಕಟ್ಟು ಇದೆ. ಅಲ್ಲಿ ವಿದ್ಯುತ್ತಿಗೆ ನೀರು ಬಿಟ್ಟಾಗ ಕೆಳಗೆ ನದಿ ಏರುತ್ತದೆ. ಮಳೆ ಇಲ್ಲ, ಬಿಸಿಲು ಚೆನ್ನಾಗಿದೆ, ಮೊಣಕಾಲು ನೀರು ಅಂದುಕೊಂಡು ಬಂಡೆಯ ಮೇಲೆ ಕೂತವರು ಏಳುವಷ್ಟರಲ್ಲಿ ಸುತ್ತ ನೀರು ಬಂದಿರುತ್ತದೆ. ಜೊತೆಗೆ ದಾಂಡೇಲಿಯಲ್ಲಿ ಮೊಸಳೆಗಳೂ ಇವೆ. ನಮ್ಮ ಕಡೆಯ ನೇತ್ರಾವತಿ, ಸೀತಾ, ಹೇಮಾವತಿಗಳಲ್ಲೂ ಅಪಾಯಕ್ಕೆ ಬಂಡೆ ಸಂದಿಯ ಮಡು, ಸುಳಿ, ಪಾಚಿ ಸಾಕು. ಶಿಬಿರಗಳಲ್ಲಿ ಜೀವ ಹೋಗುವುದು ಹುಲಿಯಿಂದಲ್ಲ, ಹಾವಿನಿಂದ ಅಪರೂಪಕ್ಕೆ. ನೀರಿನಿಂದ. ಈಜು ಬರುವ ಹುಡುಗರದ್ದೂ. ಒಬ್ಬ ಜಾರುತ್ತಾನೆ, ಅವನನ್ನು ಹಿಡಿಯಲು ಇನ್ನೊಬ್ಬ ಹಾರುತ್ತಾನೆ, ಮೂರನೆಯವನೂ ಹಾರುತ್ತಾನೆ. ನೀರಿಗೆ ಇಳಿಯಲೇಬೇಕು ಎಂಬ ಹುಡುಗರಿದ್ದರೆ ಲೈಫ್ ಜಾಕೆಟ್ ಹಾಕಿಸಿ, ತರಬೇತಿ ಪಡೆದವರ ಜೊತೆ ರಾಫ್ಟಿಂಗ್‌ಗೆ ಕಳಿಸಿ. ಕಾಸು ಹೆಚ್ಚು ಹೋಗುತ್ತದೆ. ಹೋಗಲಿ.

ಪ್ರಶ್ನೆ: ಬೆಳಿಗ್ಗೆ ಎದ್ದಾಗ ನಮ್ಮ ಡೇರೆಯ ಒಳಗೆ ನೀರು ತೊಟ್ಟಿಕ್ಕುತ್ತಿತ್ತು. ಮಳೆ ಬಂದಿರಲಿಲ್ಲ. ಡೇರೆ ಹಾಳಾಗಿದೆಯಾ?
– ಕಾಲೇಜು ವಿದ್ಯಾರ್ಥಿ, ಬಂಟ್ವಾಳ

ಉತ್ತರ: ಡೇರೆ ಸರಿಯಾಗಿದೆ. ಅದು ನಿಮ್ಮದೇ ಉಸಿರು. ಚಳಿ ಎಂದು ಜಿಪ್ಪು, ಕಿಟಕಿ ಎಲ್ಲ ಮುಚ್ಚಿ ನಾಲ್ವರು ಮಲಗಿದಿರಿ. ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಯಿತು. ಮೇಲಿನ ಗಾಳಿಕಿಂಡಿ ಎರಡನ್ನೂ ತೆರೆದಿಡಿ. ಬಟ್ಟೆ ಸ್ವಲ್ಪ ಜಾಸ್ತಿ ಹೊದೆಯಿರಿ. ಘಾಟಿಯ ಮೇಲೆ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಕರಾವಳಿಗಿಂತ ಆರೇಳು ಡಿಗ್ರಿ ಕಡಿಮೆ ಇರುವುದು ಸಹಜ, ರಾತ್ರಿ ಇನ್ನೂ ಇಳಿಯುತ್ತದೆ. ಬಂಟ್ವಾಳದ ಸೆಕೆಯಲ್ಲಿ ಬೆಳೆದವರಿಗೆ ಮೊದಲ ರಾತ್ರಿ ನಿದ್ದೆ ಬರದಿರುವುದು ಅದಕ್ಕೇ. ಮೈಮೇಲೆ ಎಷ್ಟು ಹೊದ್ದರೂ ಚಳಿ ಬರುವುದು ನೆಲದಿಂದ. ಕೆಳಗೆ ಮೊದಲು ತಾಡಪಾಲು, ಅದರ ಮೇಲೆ ಚಾಪೆ, ಆಮೇಲೆ ದಪ್ಪ ಕಂಬಳಿ ಹಾಸಿ.

ಪ್ರಶ್ನೆ: ನಿಮ್ಮ ಲೇಖನ ಓದಿದೆ. ಎರಡು ದಿನದಲ್ಲಿ ಒಂದು ಸಂಜೆ ಪ್ರಾರ್ಥನೆ, ಒಂದು ಆರಾಧನೆ ಅಷ್ಟೇ. ಸತ್ಯವೇದ (ಬೈಬಲ್) ಅಧ್ಯಯನ ಇಲ್ಲ, ಸಂದೇಶ ಕೊಡುವವರು ಇಲ್ಲ. ಇದು ಸಭೆಯ ಕೆಲಸವೋ, ಪಿಕ್‌ನಿಕ್ಕೋ? ನಮ್ಮ ಕಾಲದಲ್ಲಿ ಶಿಬಿರ ಎಂದರೆ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಕಾರ್ಯಕ್ರಮ ಇರುತ್ತಿತ್ತು.
– ಹಿರಿಯ ಓದುಗರು, ಮಂಗಳೂರು

ಉತ್ತರ: ಹಿರಿಯರೇ, ಆ ಶಿಬಿರಗಳಲ್ಲೇ ಬೆಳೆದವಳು ನಾನೂ. ಅಲ್ಲಿ ಕಲಿತ ಕೀರ್ತನೆಗಳು ಈಗಲೂ ಬಾಯಿಪಾಠ. ಅವುಗಳ ಮೇಲಿನ ಗೌರವದಿಂದಲೇ ಈ ಉತ್ತರ ಬರೆಯುತ್ತಿದ್ದೇನೆ. ನಮ್ಮ ಈ ಶಿಬಿರದಲ್ಲಿ ಕಾರ್ಯಕ್ರಮ ಕಡಿಮೆ ಇದ್ದದ್ದು ಮರೆವಿನಿಂದಲ್ಲ. ಸಭಾಪಾಲಕರೂ ನಾವು ನಾಲ್ಕೈದು ಜನವೂ ಕೂತು, ಬೇಕೆಂದೇ ಹಾಗೆ ಮಾಡಿದೆವು.

ಈಗ ನಮ್ಮ ಸಭೆಯ ಯುವಕರ ವಾರ ಹೇಗಿದೆ ನೋಡಿ. ಒಬ್ಬ ಐಟಿ ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತಾನೆ, ಅಮೆರಿಕದ ಹಗಲು ಅವನ ರಾತ್ರಿ. ಇಬ್ಬರು ಹುಡುಗಿಯರು ಮಾಲ್‌ನ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುತ್ತಾರೆ, ಅವರಿಗೆ ಭಾನುವಾರವೇ ಜಾಸ್ತಿ ಕೆಲಸ. ಒಬ್ಬಳು ನರ್ಸ್. ತಿಂಗಳಲ್ಲಿ ಅರ್ಧ ರಾತ್ರಿ ಪಾಳಿ. ಆರಾಧನೆಗೆ ಬಂದರೆ ಸಂದೇಶದ ಹೊತ್ತಿಗೆ ತೂಕಡಿಸುತ್ತಾಳೆ, ಹಿಂದಿನ ಬೆಂಚಿನವರು ನೋಡಿ ಮುಖ ಗಂಟಿಕ್ಕುತ್ತಾರೆ. ಇವರನ್ನೆಲ್ಲ ಘಾಟಿ ಹತ್ತಿಸಿ ಕರೆದುಕೊಂಡು ಹೋಗಿ, ಅಲ್ಲೂ ಗಂಟೆ ಬಾರಿಸಿ ಎಬ್ಬಿಸಬೇಕಾ?

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಆ ನರ್ಸ್ ಹುಡುಗಿ ಕಣದ ಅಂಚಿನಲ್ಲಿ ಸಿಲ್ವರ್ ಓಕ್ ಮರದ ನೆರಳಿಗೆ ಚಾಪೆ ಹಾಸಿ ಮಲಗಿದಳು. ಹುಡುಗರು ಪಕ್ಕದಲ್ಲೇ ವಾಲಿಬಾಲ್ ನೆಟ್ ಕಟ್ಟಿದ್ದರು. ಅವಳು ಮಲಗಿದ್ದು ನೋಡಿ ಯಾರೂ ಹೇಳದೆಯೇ ನೆಟ್ ಬಿಚ್ಚಿ ಕೆಳಗಿನ ಗದ್ದೆಗೆ ಒಯ್ದರು. ಸಂಜೆ ಚಹಾಕ್ಕೆ "ಎಬ್ಬಿಸೋಣವಾ ಟೀಚರ್?" ಎಂದು ಒಬ್ಬ ಕೇಳಿದ. ಬೇಡ ಅಂದೆ. ಅವಳ ಪಾಲಿನ ಚಹಾ ಫ್ಲಾಸ್ಕಿಗೆ ಹಾಕಿಟ್ಟೆವು. ದೀಪ ಹಚ್ಚುವ ಹೊತ್ತಿಗೆ ತಾನಾಗಿ ಎದ್ದು ಬಂದಳು, ಮುಖ ತೊಳೆದುಕೊಂಡು ಪ್ರಾರ್ಥನೆಗೆ ಕೂತಳು, ಆಲ್ಟೊ ದನಿಯಲ್ಲಿ ಎಲ್ಲ ಹಾಡಿಗೂ ಹಾಡಿದಳು. ಕಾಯಿರ್ ಬಿಟ್ಟು ತುಂಬ ಕಾಲವಾಗಿತ್ತು ಅವಳು. ನನಗೆ ಆ ಸಂಜೆಯ ಸಂದೇಶ ಅಷ್ಟೇ ಸಾಕಾಗಿತ್ತು.

ಇದಕ್ಕೆ ಸತ್ಯವೇದದ ಆಧಾರವೂ ಇದೆ. ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ ತೆಗೆಯಿರಿ. ಎಲೀಯ ಸಾಕಪ್ಪಾ ಸಾಕು, ಪ್ರಾಣ ಹೋಗಲಿ ಎಂದು ಗಿಡದ ಕೆಳಗೆ ಬಿದ್ದುಕೊಂಡಿದ್ದಾನೆ. ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ. ಎಲೀಯ ತಿಂದು, ಕುಡಿದು, ಮತ್ತೆ ಮಲಗಿದ. ಎರಡನೆಯ ಸಲವೂ ದೂತ ಎಬ್ಬಿಸಿದ್ದು ಊಟಕ್ಕೇ. ಹೋರೇಬ್ ಬೆಟ್ಟದಲ್ಲಿ ದೇವರ ಮಾತು ಕೇಳಿಸಿದ್ದು ಅದಾದ ಮೇಲೆ.

ನಮ್ಮ ಹಿಂದಿನವರಿಗೂ ಬಿಡುವಿನ ಬೆಲೆ ಗೊತ್ತಿತ್ತು. 1834ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದರು, 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ನಿಮ್ಮ ನನ್ನ ಮನೆಗಳ ಎಷ್ಟೋ ಅಜ್ಜಂದಿರು ಅಲ್ಲಿ ಮಣ್ಣು ತುಳಿದವರು, ಹಂಚು ಹೊತ್ತವರು. ವಾರವಿಡೀ ದುಡಿದವರಿಗೆ ಭಾನುವಾರ ಎಂದರೆ ಆರಾಧನೆಯೂ ಹೌದು, ಬೆನ್ನು ನೆಲಕ್ಕೆ ತಾಗುವ ದಿನವೂ ಹೌದು. ಆ ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಆಗುವುದಿಲ್ಲ. ಇವತ್ತಿನ ಮಕ್ಕಳಿಗೆ ಮೊದಲನೆಯದು ಹೇಗೋ ಸಿಗುತ್ತಿದೆ. ಎರಡನೆಯದು ಪೂರ್ತಿ ಹೋಗಿಬಿಟ್ಟಿದೆ.

ನೀವು ಮುಂದಿನ ಸಲ ನಮ್ಮ ಜೊತೆ ಬರಬೇಕು. ಊಟದ ನಂತರ ಮರದ ಕೆಳಗೆ ನಿಮ್ಮ ಕಾಲದ ಕತೆ ಹೇಳಿ. ಹುಡುಗರು ತಾವಾಗಿ ಬಂದು ಕೂರುತ್ತಾರೆ, ನೋಡಿ.

ಪ್ರಶ್ನೆ: ಸ್ತ್ರೀಯರ ಕೂಟದವರು ನಾವು ಶಿಬಿರಕ್ಕೆ ಹೋದರೂ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪುಂಡಿ (ಅಕ್ಕಿಯ ಉಂಡೆ ಕಡುಬು) ಕಟ್ಟುವುದು, ಮಧ್ಯಾಹ್ನ ಮಸಾಲೆ ಅರೆಯುವುದು, ರಾತ್ರಿ ಪಾತ್ರೆ. ಗಂಡಸರೂ ಯುವಕರೂ "ಏನು ಚಂದದ ಶಿಬಿರ" ಎನ್ನುತ್ತಾರೆ. ನಮಗೆಲ್ಲಿ ಚಂದ?
– ಹೆಸರು ಬೇಡ, ಉಡುಪಿ

ಉತ್ತರ: ಅಕ್ಕ, ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಇಂಥ ಶಿಬಿರ ಅರ್ಧ ಸಭೆಗೆ ಮಾತ್ರ ಶಿಬಿರ. ಮೇಲಿನ ಹಿರಿಯರಿಗೆ ಬಿಡುವಿನ ಬಗ್ಗೆ ಅಷ್ಟು ಬರೆದೆನಲ್ಲ, ಅದು ನಿಮಗೆ ಸಿಗದಿದ್ದರೆ ಅದೆಲ್ಲ ಬರೀ ಮಾತು.

ನಾವು ಮಾಡಿದ್ದು ಹೇಳುತ್ತೇನೆ. ಮೊದಲು ಊಟದ ಪಟ್ಟಿಯನ್ನೇ ಬದಲಿಸಿದೆವು. ಕೋರಿ ರೊಟ್ಟಿ, ಪುಂಡಿ ಗಸಿ ಬೇಕೆಂದು ಹಟ ಹಿಡಿದರೆ ಕೆಲಸ ಕೊನೆಗೆ ಹೆಂಗಸರ ತಲೆಗೇ ಬರುತ್ತದೆ, ಏಕೆಂದರೆ ಬೇರೆ ಯಾರಿಗೂ ಅದು ಬರುವುದಿಲ್ಲ. ಗಂಡಸರಿಗೆ ಮಾಡಲು ಬರುವ ಅಡುಗೆ ಇಡಬೇಕು. ಶನಿವಾರ ಮಧ್ಯಾಹ್ನಕ್ಕೆ ಎಲ್ಲರೂ ಮನೆಯಿಂದಲೇ ಬುತ್ತಿ. ಸಂಜೆ ಚಹಾ, ಒಗ್ಗರಣೆ ಅವಲಕ್ಕಿ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಒಣಮೀನು, ಮಾವಿನ ಮಿಡಿ ಉಪ್ಪಿನಕಾಯಿ. ಚಳಿಗೆ ಇದಕ್ಕಿಂತ ಹಿತವಾದದ್ದು ಇಲ್ಲ. ಮೂವತ್ತೈದು ಜನಕ್ಕೆ ನಾಲ್ಕು ಕಿಲೋ ಅಕ್ಕಿ ಸಾಕು. ಅಕ್ಕಿಯ ಐದಾರು ಪಟ್ಟು ನೀರು, ಸೌದೆ ಒಲೆಯಲ್ಲಿ ಒಂದು ಗಂಟೆ ಇಟ್ಟುಬಿಟ್ಟರೆ ಬೇಯುತ್ತದೆ, ತಿರುವುತ್ತ ನಿಲ್ಲಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಭಾನುವಾರ ಮಧ್ಯಾಹ್ನ ಮಾತ್ರ ಹಬ್ಬದೂಟ, ಅದನ್ನು ಹತ್ತಿರದ ಊರಿನ ಅಡುಗೆಯವರಿಗೆ ಹೇಳಿ ತರಿಸಿದೆವು. ಮಲೆನಾಡಿನ ಕಡುಬು, ಕೋಳಿ ಸಾರು. ಆ ಖರ್ಚಿಗೆ ಪ್ರತಿಯೊಬ್ಬರಿಂದ ಸ್ವಲ್ಪ ಹೆಚ್ಚು ಹಣ ಪಡೆದೆವು. ಕೊಡಲು ಆಗದವರ ಪಾಲನ್ನು ಸಭೆ ಹಾಕಿತು, ಯಾರ ಪಾಲು ಎಂದು ಯಾರಿಗೂ ಹೇಳಲಿಲ್ಲ.

ಆಮೇಲೆ ಪಾಳಿ. ಹೆಸರುಗಳನ್ನು ಸಭಾಪಾಲಕರೇ ಬರೆದರು. ಮೊದಲ ಹೆಸರು ಅವರದ್ದೇ. ಹುರುಳಿ ಚಟ್ನಿ ಅರೆದವರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಅಜ್ಜಿಯ ಮನೆಯಲ್ಲಿ ಅರೆಯುವ ಕಲ್ಲಿನ ಎದುರು ಕೂತಿದ್ದು ನೆನಪಾಯಿತು ಎಂದು ಖುಷಿಯಿಂದ ಅರೆದರು. ದೊಡ್ಡ ಪಾತ್ರೆ ತಿಕ್ಕುವುದು ಅಡುಗೆ ಮಾಡದಿದ್ದವರ ಕೆಲಸ. ತಟ್ಟೆ ಲೋಟ ಅವರವರದ್ದು ಅವರವರೇ. ಮೊದಲ ರಾತ್ರಿ ನಮ್ಮ ಕೂಟದ ಹೆಂಗಸರಿಗೆ ಸುಮ್ನೆ ಕೂರಲು ಆಗಲೇ ಇಲ್ಲ. ಎದ್ದೆದ್ದು ಒಲೆ ಹತ್ತಿರ ಹೋಗುತ್ತಿದ್ದರು, "ಉಪ್ಪು ಹಾಕಿದಿರಾ, ಸೌದೆ ಹಿಂದಕ್ಕೆ ಎಳೆಯಿರಿ" ಅನ್ನುತ್ತಿದ್ದರು. ಕೊನೆಗೆ ಸಭಾಪಾಲಕರೇ ಒಲೆಯ ಸುತ್ತ ಹಗ್ಗ ಕಟ್ಟಿಸಿದರು. ಭಾನುವಾರ ಬೆಳಿಗ್ಗೆ ಅವರೆಲ್ಲ ಸೀರೆಯ ಸೆರಗು ಸಿಕ್ಕಿಸಿಕೊಂಡು ತೋಟದ ಮೇಲಿನ ಗುಡ್ಡಕ್ಕೆ ಹೋಗಿ ಬಂದರು. ಎಪ್ಪತ್ತು ದಾಟಿದ ಒಬ್ಬರು, ಮದುವೆಯಾದ ಮೇಲೆ ಬೆಳಗಿನ ತಿಂಡಿ ಬೇರೆಯವರ ಕೈಯಿಂದ ತಿಂದದ್ದು ಆಸ್ಪತ್ರೆಯಲ್ಲಿ ಬಿಟ್ಟರೆ ಇವತ್ತೇ ಎಂದರು.

ಯಾರಾದರೂ "ಗಂಡಸರು ಅಡುಗೆ ಮಾಡುವುದಾ" ಎಂದು ಮೂಗು ಮುರಿದರೆ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ತೋರಿಸಿ. ರಾತ್ರಿಯಿಡೀ ಬಲೆ ಹಾಕಿ ದಣಿದ ಶಿಷ್ಯರು ದಡಕ್ಕೆ ಬಂದಾಗ ಅಲ್ಲಿ ಕೆಂಡ ಇತ್ತು, ಮೇಲೆ ಮೀನು ಇತ್ತು, ರೊಟ್ಟಿ ಇತ್ತು. ಬನ್ನಿ ಊಟ ಮಾಡಿ ಎಂದು ಕರೆದವನು ಮರಣವನ್ನು ಗೆದ್ದು ಬಂದ ಕರ್ತನೇ.

ಈ ಉತ್ತರವನ್ನು ಕತ್ತರಿಸಿ ನಿಮ್ಮ ಸಭೆಯ ಸಮಿತಿಗೆ ಕೊಡಿ. ನಿಮ್ಮ ಹೆಸರು ನಾನು ಹಾಕಿಲ್ಲ.

ಪ್ರಶ್ನೆ: ಟೀಚರ್, ನಾನು ಸೆಕೆಂಡ್ ಪಿಯು ಓದುತ್ತಿದ್ದೇನೆ. ಸಭೆಯ ಶಿಬಿರಕ್ಕೆ ಹೋಗಲು ಅಮ್ಮ ಬಿಡುತ್ತಿಲ್ಲ. ರಾತ್ರಿ ಉಳಿಯುವುದು ಬೇಡ ಅನ್ನುತ್ತಾರೆ. ಹೇಗೆ ಒಪ್ಪಿಸಲಿ?
– ಶಿವಮೊಗ್ಗ

ಉತ್ತರ: ಮಗಳೇ, ಅಮ್ಮನ ಭಯಕ್ಕೆ ಅರ್ಥ ಇದೆ. ಸಭೆಯ ಶಿಬಿರ ಎಂದ ಮಾತ್ರಕ್ಕೆ ಎಲ್ಲ ಸರಿ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಅಳಬೇಡ, ಜಗಳ ಆಡಬೇಡ. ಶಿಬಿರ ನಡೆಸುವವರ ಹತ್ತಿರ ಹೋಗಿ ಕೆಲವು ವಿಷಯ ಕೇಳಿಕೊಂಡು ಬಾ. ಹುಡುಗಿಯರ ಡೇರೆಗಳು ಎಲ್ಲಿ, ಅವರ ಜೊತೆ ಮಲಗುವ ಹಿರಿಯ ಹೆಂಗಸರು ಯಾರು, ಇಬ್ಬರಾದರೂ ಇದ್ದಾರಾ? ಶೌಚಾಲಯ ಎಷ್ಟು ದೂರ, ರಾತ್ರಿ ಅಲ್ಲಿಗೆ ಲೈಟ್ ಇದೆಯಾ, ಚಿಲಕ ಗಟ್ಟಿ ಇದೆಯಾ? ಮುಟ್ಟಾದರೆ ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಇಡುತ್ತಾರಾ? ದೊಡ್ಡವರು ಯಾರೂ ಒಂದು ಮಗುವಿನ ಜೊತೆ ಒಬ್ಬರೇ ಎಲ್ಲಿಗೂ ಹೋಗಬಾರದು ಎಂಬ ನಿಯಮ ಇದೆಯಾ? ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಹೊರಡಲು ಒಂದು ಕಾರು ಅಲ್ಲೇ ನಿಲ್ಲಿಸಿರುತ್ತಾರಾ? ತೋಟದಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ?

ಉತ್ತರ ಬರೆದುಕೊಂಡು ಬಂದು ಅಮ್ಮನ ಕೈಗೆ ಕೊಡು. ಬಹುಶಃ ಒಪ್ಪುತ್ತಾರೆ. ಇನ್ನೂ ಅನುಮಾನ ಇದ್ದರೆ ಅಮ್ಮನನ್ನೂ ಕರೆದುಕೊಂಡು ಹೋಗು, ಹಿರಿಯ ಹೆಂಗಸರು ಎಷ್ಟಿದ್ದರೂ ಸಾಲುವುದಿಲ್ಲ ನಮಗೆ. ಆದರೆ ನಡೆಸುವವರು ಈ ಪ್ರಶ್ನೆಗಳಿಗೆ ಸಿಡುಕಿದರೆ, "ಅದೆಲ್ಲ ಅಲ್ಲಿ ಹೋಗಿ ನೋಡಿಕೊಳ್ಳೋಣ" ಎಂದರೆ, ಈ ಸಲ ನಾನೂ ಅಮ್ಮನ ಕಡೆಯೇ.

ಪ್ರಶ್ನೆ: ನಾವು ಕಥೋಲಿಕರು. ಶನಿವಾರ, ಭಾನುವಾರ ಶಿಬಿರ ಇಟ್ಟರೆ ಭಾನುವಾರದ ಬಲಿಪೂಜೆ ತಪ್ಪುತ್ತದಲ್ಲ?
– ಒಬ್ಬ ತಾಯಿ, ಮೂಡುಬಿದಿರೆ

ಉತ್ತರ: ತಪ್ಪಬೇಕಾಗಿಲ್ಲ ಅಮ್ಮ. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರೈಸಿದಂತೆ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೇ ಇದೆ. ದಾರಿಯಲ್ಲಿ ಶನಿವಾರ ಸಂಜೆ ಪೂಜೆ ಇರುವ ಚರ್ಚು ನೋಡಿಕೊಳ್ಳಿ, ಇಲ್ಲವೇ ಧರ್ಮಗುರುಗಳನ್ನೇ ಜೊತೆಗೆ ಕರೆಯಿರಿ. ತೋಟದ ಅಂಗಳದಲ್ಲಿ ಪೂಜೆ ಅರ್ಪಿಸುವ ವಿಷಯ ಅವರಿಗೇ ಬಿಡಿ.

ಪ್ರಶ್ನೆ: ರಾತ್ರಿ ಕ್ಯಾಂಪ್ ಫೈರ್ ಹಾಕಿದರೆ ಹುಡುಗರು ಸಿನಿಮಾ ಹಾಡು, ಕೂಗಾಟ ಶುರು ಮಾಡುತ್ತಾರೆ. ಚಿಕ್ಕ ಮಕ್ಕಳಿಗೆ ನಿದ್ದೆ ಇಲ್ಲ. ಬೇರೆ ಏನು ಮಾಡಬಹುದು?
– ಸಂಡೇ ಸ್ಕೂಲ್ ಶಿಕ್ಷಕಿ, ಕಾರ್ಕಳ

ಉತ್ತರ: ಬೆಂಕಿ ಚಿಕ್ಕದಾಗಿರಲಿ, ಬೇಗ ಆರಲಿ. ಕಣದ ನಡುವೆ, ತರ‍ಗೆಲೆ ಗುಡಿಸಿದ ಜಾಗದಲ್ಲಿ, ಸುತ್ತ ಕಲ್ಲು ಇಟ್ಟು ಹಾಕಿ. ಎರಡು ಬಕೆಟ್ ನೀರು ಪಕ್ಕದಲ್ಲೇ ಇರಬೇಕು. ಎಂಟೂವರೆಗೆ ನೀರು ಹೊಯ್ದು, ಬೂದಿಗೆ ಕೈಹಿಡಿದು ನೋಡಿ, ಬಿಸಿ ಇಲ್ಲ ಎಂದಾದ ಮೇಲೆ ಎಲ್ಲ ಲೈಟ್ ಆರಿಸಿ. ಮೊಬೈಲ್ ಕೂಡ. ಇಪ್ಪತ್ತು ನಿಮಿಷ ಸುಮ್ನೆ ಕೂರಿಸಿ. ಕಣ್ಣು ಕತ್ತಲಿಗೆ ಒಗ್ಗಲು ಅಷ್ಟು ಹೊತ್ತು ಬೇಕು. ಅಮಾವಾಸ್ಯೆಯ ಹತ್ತಿರದ ವಾರ ಆರಿಸಿಕೊಂಡಿದ್ದರೆ ಆಮೇಲೆ ನೀವು ಏನೂ ಮಾಡಬೇಕಾಗಿಲ್ಲ, ಆಕಾಶವೇ ಮಾಡುತ್ತದೆ.

ನವೆಂಬರ್‌ನಲ್ಲಿ ಆ ಹೊತ್ತಿಗೆ ಪೂರ್ವದಲ್ಲಿ ಕೃತ್ತಿಕೆ ಮೇಲೆ ಬಂದಿರುತ್ತದೆ. ಬರಿಗಣ್ಣಿಗೆ ಆರು ನಕ್ಷತ್ರ ಕಂಡರೆ ಕಣ್ಣು ಚೆನ್ನಾಗಿದೆ. ಅದರ ಕೆಳಗೆ ಕೆಂಪಗೆ ರೋಹಿಣಿ. ಇನ್ನೂ ಸ್ವಲ್ಪ ಕಾದರೆ ಮೃಗಶಿರ, ಮೂರು ನಕ್ಷತ್ರದ ಪಟ್ಟಿಯ ಸಮೇತ ಬೆಟ್ಟದ ಮೇಲೆ ಏರುತ್ತದೆ. ನಮ್ಮ ಸತ್ಯವೇದದ ಯೋಬನ ಪುಸ್ತಕದ 38ನೇ ಅಧ್ಯಾಯದಲ್ಲಿ ಇವೇ ಕೃತ್ತಿಕೆ, ಮೃಗಶಿರಗಳ ಹೆಸರು ಹಿಡಿದು ದೇವರು ಯೋಬನನ್ನು ಪ್ರಶ್ನಿಸುತ್ತಾನೆ. ಆ ಭಾಗವನ್ನು ಹಗಲಲ್ಲೇ ಒಬ್ಬ ಹುಡುಗನಿಗೆ ಬಾಯಿಪಾಠ ಮಾಡಿಸಿಡಿ, ಕತ್ತಲಲ್ಲಿ ಪುಸ್ತಕ ಬೇಡ. ಕೃತ್ತಿಕೆಯ ಬೆಳಕು ಇಲ್ಲಿಗೆ ಬರಲು ಹೆಚ್ಚು ಕಡಿಮೆ 440 ವರ್ಷ ಬೇಕು ಎಂದು ಹೇಳಿ. ಈಗ ಕಾಣುವ ಬೆಳಕು ಅಲ್ಲಿಂದ ಹೊರಟಾಗ 1565ರ ತಾಳಿಕೋಟೆ ಯುದ್ಧ ಮುಗಿದು ಇಪ್ಪತ್ತು ವರ್ಷವಾಗಿತ್ತಷ್ಟೇ. ನಮ್ಮಲ್ಲಿ ಇದನ್ನು ಕೇಳಿದ ಎಂಟನೇ ತರಗತಿಯ ಹುಡುಗನೊಬ್ಬ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಟೀಚರ್, ಈಗ ಹೊರಡುವ ಬೆಳಕನ್ನು ನೋಡುವವರು ಯಾರು?" ಎಂದು ಕೇಳಿದ. ಕ್ಲಾಸಿನಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ನನಗೆ ಅಪರೂಪಕ್ಕೆ ಸಿಕ್ಕಿದೆ.

ಮಲಗಲು ಹೋಗುವಾಗ ಪ್ರತಿ ಮಗುವಿನ ಕೈಯಲ್ಲೂ ಟಾರ್ಚ್ ಇರಲಿ. ಚಪ್ಪಲಿ ಬೇಡ, ಬೂಟು. ಬೆಳಿಗ್ಗೆ ಬೂಟನ್ನು ಬಡಿದು, ಒಳಗೆ ನೋಡಿ ಹಾಕಿಕೊಳ್ಳಲಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಆ ಕೈಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡ ಎಂದರೆ ನಿಮ್ಮ ಕಾರಿನಲ್ಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನ್ನ ಸಹೋದ್ಯೋಗಿ ತನ್ನ ಚರ್ಚಿನ ಶಿಬಿರಕ್ಕೆ ನನ್ನನ್ನೂ ಕರೆದಿದ್ದಾನೆ. ನಾವು ಹಿಂದೂಗಳು. ಹೋಗಲು ಆಸೆ ಇದೆ, ಆದರೆ ಪ್ರಾರ್ಥನೆ ಸಮಯದಲ್ಲಿ ನಾನು ಏನು ಮಾಡಬೇಕು? ಮನೆಯಲ್ಲೂ ಸ್ವಲ್ಪ ಗೊಂದಲ.
– ಹಾಸನ

ಉತ್ತರ: ಮೊದಲು ಮನೆಯವರಿಗೆ ಎಲ್ಲವನ್ನೂ ಹೇಳಿ. ಎಲ್ಲಿ, ಯಾರ ಜೊತೆ, ಪ್ರಾರ್ಥನೆ ಇರುತ್ತದೆ ಎಂಬುದನ್ನೂ ಹೇಳಿ. ಮುಚ್ಚಿಟ್ಟು ಹೋಗಬೇಡಿ. ಪ್ರಾರ್ಥನೆಯ ಹೊತ್ತಿಗೆ ಇಷ್ಟವಿದ್ದರೆ ಜೊತೆಯಲ್ಲಿ ಕೂರಿ, ಹಾಡು ಕೇಳಿ. ಇಷ್ಟವಿಲ್ಲದಿದ್ದರೆ ತೋಟದಲ್ಲಿ ಒಂದು ಸುತ್ತು ಹೋಗಿ ಬನ್ನಿ. ಎರಡಕ್ಕೂ ಯಾರೂ ಏನೂ ಅನ್ನಬಾರದು. ಕಣ್ಣು ಮುಚ್ಚಿ, ಕೈ ಎತ್ತಿ, ಸಾಕ್ಷಿ ಹೇಳಿ ಎಂದು ಅತಿಥಿಯನ್ನು ಒತ್ತಾಯ ಮಾಡುವುದು ಅತಿಥಿಗೂ ಅವಮಾನ, ಪ್ರಾರ್ಥನೆಗೂ ಅವಮಾನ. ಇದನ್ನು ನಮ್ಮವರಿಗೇ ನಾನು ಖಂಡಿತವಾಗಿ ಹೇಳುತ್ತೇನೆ. ನಿಮ್ಮ ಗೆಳೆಯನಿಗೆ ಈಗಲೇ ಕೇಳಿ, "ನಾನು ಹೀಗಿರುತ್ತೇನೆ, ಪರವಾಗಿಲ್ಲವಾ?" ಎಂದು. ಒಳ್ಳೆಯ ಗೆಳೆಯನಾದರೆ ಅವನಿಗೂ ಸಮಾಧಾನವಾಗುತ್ತದೆ.

ನಮ್ಮ ಶಿಬಿರಕ್ಕೂ ಇಂಥ ಇಬ್ಬರು ಬಂದಿದ್ದರು. ಒಬ್ಬ ಸಸ್ಯಾಹಾರಿ. ಅವನಿಗಾಗಿ ಒಣಮೀನನ್ನು ದೂರದ ಒಲೆಯಲ್ಲಿ ಸುಟ್ಟೆವು, ಭಾನುವಾರ ಕಡುಬಿಗೆ ಕಾಯಿಚಟ್ನಿ ಬೇರೆ ಮಾಡಿಸಿದೆವು. ನಿಮ್ಮ ಊಟದ ಪದ್ಧತಿ ಏನೇ ಇದ್ದರೂ ಮೂರ್ನಾಲ್ಕು ದಿನ ಮೊದಲೇ ತಿಳಿಸಿ, ಸಂಕೋಚ ಬೇಡ. ಪಾತ್ರೆ ತೊಳೆಯುವ ಪಾಳಿಯಲ್ಲಿ ನಿಮ್ಮ ಹೆಸರನ್ನೂ ಬರೆಸಿ. ಡೇರೆ, ಚಾಪೆ ಅವರ ಹತ್ತಿರ ಇರುತ್ತದೆ. ಟಾರ್ಚ್, ಬೂಟು, ಒಂದು ಗಟ್ಟಿ ಕಂಬಳಿ ಮಾತ್ರ ನಿಮ್ಮದೇ ಒಯ್ಯಿರಿ.